ಗಿಡದ ಮಾತು ಕೊನೆಗೆ: ಮನೆಯ ತೋಟಕ್ಕೆ ನಕ್ಷೆ ಹಾಕುವುದು ಹೇಗೆ

ತೋಟ ಮಾಡಬೇಕು ಅನ್ನಿಸಿದ ದಿನ ಹೆಚ್ಚಿನವರು ಮೊದಲು ಹೋಗುವುದು ನರ್ಸರಿಗೆ. ನಾನೂ ಹಾಗೇ ಹೋಗಿದ್ದೆ. ಹೂ ಬಿಟ್ಟು ನಿಂತಿದ್ದ ಗಿಡಗಳಲ್ಲಿ ಕಣ್ಣಿಗೆ ಹಿಡಿಸಿದ್ದನ್ನೆಲ್ಲ ಆರಿಸಿಕೊಂಡು ಕಾರಿನ ಹಿಂದಿನ ಸೀಟು ತುಂಬಿಸಿ ತಂದೆ. ಮನೆಗೆ ಬಂದಮೇಲೆ ಶುರುವಾಯಿತು ನೋಡಿ, ಇದನ್ನೆಲ್ಲಿ ನೆಡೋದು, ಅದನ್ನೆಲ್ಲಿ ನೆಡೋದು ಅಂತ. ಖಾಲಿ ಕಂಡಲ್ಲೆಲ್ಲ ಗುಂಡಿ ತೋಡಿದೆ. ತಂದದ್ದು ಹನ್ನೆರಡು ಗಿಡ. ಎರಡು ವರ್ಷ ಕಳೆಯುವ ಹೊತ್ತಿಗೆ ಉಳಿದದ್ದು ಮೂರು. ಆ ಮೂರರಲ್ಲೂ ಒಂದು ಗೇಟಿಗೆ ಅಡ್ಡ ಬೆಳೆದಿತ್ತು.

ಪೆಟ್ಟು ತಿಂದಮೇಲೆ ಕಲಿತ ಲೆಕ್ಕ ಒಂದಿದೆ. ಯಾವುದನ್ನು ಆಮೇಲೆ ಬದಲಾಯಿಸುವುದು ಕಷ್ಟವೋ ಅದನ್ನು ಮೊದಲು ತೀರ್ಮಾನಿಸಬೇಕು. ನೆಲದ ಮಟ್ಟ ಮತ್ತು ನೀರು ಹರಿಯುವ ದಾರಿ ಎಲ್ಲಕ್ಕಿಂತ ಮೊದಲು, ಯಾಕೆಂದರೆ ಅದನ್ನು ತಿದ್ದಬೇಕಾದರೆ ಇಡೀ ಜಾಗ ಅಗೆಯಬೇಕು. ಆಮೇಲೆ ಕಾಲುದಾರಿ, ಮೆಟ್ಟಿಲು, ಪೈಪು. ಆಮೇಲೆ ಮರ. ಅದಾದ ಮೇಲೆ ಪೊದೆ, ಬಳ್ಳಿ. ಹೂವಿನ ಗಿಡದ ಸರದಿ ಕಟ್ಟಕಡೆಗೆ. ಅದನ್ನು ಬೇಕೆಂದಾಗ ಕಿತ್ತು ಬೇರೆ ಕಡೆ ನೆಡಬಹುದು. ನಾವು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ, ಅಲ್ವಾ?

ಮೊದಲು ಒಂದು ಹಾಳೆ

ಗ್ರಾಫ್ ಹಾಳೆ, ಪೆನ್ಸಿಲು, ಉದ್ದನೆಯ ಟೇಪು ಇದ್ದರೆ ಸಾಕು. ಚಿತ್ರ ಬರೆಯಲು ಬರಬೇಕಿಲ್ಲ. ಹಾಳೆಯ ಮೇಲಿನ 1 ಸೆಂಟಿಮೀಟರ್ ಅಂದರೆ ನೆಲದ ಮೇಲಿನ 1 ಮೀಟರ್ ಅಂತ ಇಟ್ಟುಕೊಳ್ಳಿ. ಜಾಗ ತೀರಾ ಚಿಕ್ಕದಾದರೆ 2 ಸೆಂಟಿಮೀಟರ್‌ಗೆ 1 ಮೀಟರ್. ಮೊದಲು ಮನೆಯ ಗೋಡೆಗಳನ್ನು ಗೀಚಿ. ಕಿಟಕಿ, ಬಾಗಿಲು ಎಲ್ಲೆಲ್ಲಿವೆ ಗುರುತು ಹಾಕಿ. ಕಾಂಪೌಂಡ್, ಗೇಟು, ನಲ್ಲಿ, ನೀರಿನ ಸಂಪು, ಚರಂಡಿಯ ಮುಚ್ಚಳ, ಮೇಲೆ ಹಾದುಹೋಗುವ ಕರೆಂಟಿನ ತಂತಿ, ಎಲ್ಲವೂ ಬರಲಿ. ನೆಲದೊಳಗಿನ ಪೈಪುಗಳು ಎಲ್ಲಿ ಹೋಗಿವೆ ಅಂತ ಗೊತ್ತಿದ್ದರೆ ಅದನ್ನೂ ಚುಕ್ಕೆ ಗೆರೆಯಲ್ಲಿ ತೋರಿಸಿ. ನಾಳೆ ಪಿಕಾಸಿ ಹಾಕುವಾಗ ಈ ಗೆರೆ ನೆನಪಾಗುತ್ತದೆ.

ಅಂಗಳದ ನಡುವೆ ಮೊದಲೇ ಒಂದು ಮರ ಇದೆ ಅನ್ನಿ. ಅದು ನಕ್ಷೆಯಲ್ಲಿ ಸರಿಯಾಗಿ ಎಲ್ಲಿ ಬರಬೇಕು? ಮನೆಯ ಒಂದು ಮೂಲೆಯಿಂದ ಮರಕ್ಕೆ ಟೇಪು ಹಿಡಿಯಿರಿ. ಇನ್ನೊಂದು ಮೂಲೆಯಿಂದಲೂ ಹಿಡಿಯಿರಿ. ಮೊದಲನೆಯದು 6 ಮೀಟರ್, ಎರಡನೆಯದು 8 ಮೀಟರ್ ಬಂತು ಅಂದರೆ, ಹಾಳೆಯ ಮೇಲೆ ಕೈವಾರದಿಂದ ಆ ಎರಡು ಮೂಲೆಗಳಿಂದ 6 ಮತ್ತು 8 ಸೆಂಟಿಮೀಟರ್ ಕಮಾನು ಎಳೆಯಿರಿ. ಎರಡೂ ಕತ್ತರಿಸುವ ಜಾಗವೇ ಮರ. ಶಾಲೆಯ ರೇಖಾಗಣಿತ ಇಲ್ಲಿ ಉಪಯೋಗಕ್ಕೆ ಬಂದದ್ದು ನೋಡಿ ನನಗೇ ಖುಷಿಯಾಗಿತ್ತು.

ಈ ಮೂಲ ನಕ್ಷೆಯ ಮೇಲೆ ಏನನ್ನೂ ಬರೆಯಬೇಡಿ. ಟ್ರೇಸಿಂಗ್ ಹಾಳೆ ಹಾಸಿ ಅದರ ಮೇಲೆ ಬರೆಯಿರಿ. ಬಿಸಿಲಿಗೆ ಒಂದು ಹಾಳೆ, ನೀರಿಗೆ ಒಂದು, ಓಡಾಟಕ್ಕೆ ಒಂದು. ಮೂರನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಅರ್ಧ ತೋಟ ತಾನಾಗೇ ಕಾಣುತ್ತದೆ.

ಬಿಸಿಲು ಒಂದೇ ಕಡೆ ನಿಲ್ಲುವುದಿಲ್ಲ

ಬಿಸಿಲಿನ ಹಾಳೆ ಮಾಡುವುದು ಸುಲಭ. ಮೋಡ ಇಲ್ಲದ ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಎರಡು ಗಂಟೆಗೊಮ್ಮೆ ಮಹಡಿಯಿಂದ ಫೋನಿನಲ್ಲಿ ಫೋಟೋ ತೆಗೆಯಿರಿ. ಪ್ರತಿ ಸಲವೂ ಒಂದೇ ಜಾಗದಿಂದ. ಸಂಜೆ ಕೂತು ನೋಡಿದರೆ ಯಾವ ಜಾಗಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬಿತ್ತು ಅಂತ ಸಿಗುತ್ತದೆ. 6 ಗಂಟೆ ಅಥವಾ ಜಾಸ್ತಿ ಬಿದ್ದರೆ ಅದು ಪೂರ್ತಿ ಬಿಸಿಲಿನ ಜಾಗ. 3ರಿಂದ 6 ಗಂಟೆ ಆದರೆ ಅರೆನೆರಳು. ಅದಕ್ಕಿಂತ ಕಡಿಮೆ ಇದ್ದರೆ ನೆರಳು. ನರ್ಸರಿಯವರು ಗಿಡಕ್ಕೆ ಬಿಸಿಲು ಬೇಕು, ನೆರಳು ಬೇಕು ಅನ್ನುವುದು ಹೆಚ್ಚುಕಮ್ಮಿ ಈ ಲೆಕ್ಕದಲ್ಲೇ.

ಗಂಟೆ ಎಣಿಸಿದರೆ ಮಾತ್ರ ಸಾಲದು. ಬೆಳಗಿನ ನಾಲ್ಕು ಗಂಟೆಯ ಬಿಸಿಲು, ಮಧ್ಯಾಹ್ನದ ನಂತರದ ನಾಲ್ಕು ಗಂಟೆಯ ಬಿಸಿಲು ಎರಡೂ ಒಂದೇ ಅಲ್ಲ. ಸಂಜೆ ಹೊತ್ತಿಗೆ ಗಾಳಿಯೂ ನೆಲವೂ ಕಾದಿರುತ್ತವೆ. ಪಶ್ಚಿಮದ ಗೋಡೆಯ ಮಗ್ಗುಲಲ್ಲಿ ನೆಟ್ಟ ಮೆತ್ತನೆಯ ಎಲೆಯ ಗಿಡದ ಅಂಚು ಸುಡುವುದು ಅದಕ್ಕೇ.

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ವರ್ಷ ತಿರುಗಿದಂತೆ ಸೂರ್ಯನ ದಾರಿಯೂ ಸರಿಯುತ್ತದೆ. ಉಷ್ಣವಲಯದ ಊರುಗಳಲ್ಲಿ ವರ್ಷಕ್ಕೆ ಎರಡು ದಿನ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆ ದಿನಗಳ ಆಚೀಚೆ ನೆರಳು ಬೀಳುವ ದಿಕ್ಕೇ ಬದಲಾಗುತ್ತದೆ. ಸಮಭಾಜಕದ ಉತ್ತರಕ್ಕಿರುವ ಅಂಥ ಊರಿನಲ್ಲಿ, ಡಿಸೆಂಬರಿನಲ್ಲಿ ಮನೆಯ ಉತ್ತರಕ್ಕೆ ಮಧ್ಯಾಹ್ನವೂ ತಂಪಾದ ನೆರಳಿರುತ್ತದೆ. ಜೂನಿನಲ್ಲಿ ಅದೇ ಪಟ್ಟಿ ಬಿಸಿಲಿಗೆ ಒಡ್ಡಿಕೊಂಡಿರುತ್ತದೆ. ಚಳಿಗಾಲದಲ್ಲಿ ನೋಡಿ ನೆರಳಿನ ಗಿಡ ನೆಟ್ಟವರು ಬೇಸಿಗೆಯಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಸಾಧ್ಯವಾದರೆ ಫೋಟೋ ಕೆಲಸವನ್ನು ವರ್ಷದಲ್ಲಿ ಎರಡು ಸಲ ಮಾಡಿ.

ನೀರು ಎಲ್ಲಿಗೆ ಹೋಗುತ್ತದೆ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ದೊಡ್ಡದು ಇದೇ. ಜೋರು ಮಳೆ ಬರುವಾಗ ಕೊಡೆ ಹಿಡಿದು ಹೊರಗೆ ನಿಲ್ಲಿ. ಸುಮ್ನೆ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ? ಮಳೆ ನಿಂತು ಅರ್ಧ ಗಂಟೆಯ ಮೇಲೆ ಮತ್ತೆ ನೋಡಿ. ಇನ್ನೂ ನೀರು ನಿಂತ ಜಾಗಕ್ಕೆಲ್ಲ ಒಂದೊಂದು ಗೂಟ ಹೊಡೆಯಿರಿ.

ನಾನು ಹೀಗೆ ನಿಂತದ್ದು ತೋಟ ಮಾಡಿದ ಮೂರನೇ ವರ್ಷ. ಚಾವಣಿಯ ಪೈಪಿನಿಂದ ಬಿದ್ದ ನೀರು ನಾನೇ ಏರಿಸಿದ್ದ ಮಣ್ಣಿನ ಮಡಿಗೆ ಬಡಿದು, ವಾಪಸ್ ತಿರುಗಿ, ಅಡುಗೆಮನೆಯ ಗೋಡೆಯ ಬುಡಕ್ಕೆ ಹೋಗಿ ಕೂರುತ್ತಿತ್ತು. ಒಳಗಿನ ಗೋಡೆಯ ಸುಣ್ಣ ಹಪ್ಪಳದ ಹಾಗೆ ಏಳುತ್ತಿದ್ದುದಕ್ಕೆ ಅಲ್ಲಿಯವರೆಗೆ ನಾನು ಪೇಂಟಿನವರನ್ನು ಬೈದುಕೊಂಡಿದ್ದೆ.

ಚಾವಣಿಯ ನೀರು ಎಷ್ಟು ಅಂತ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ 1 ಲೀಟರ್. ಚಾವಣಿ 100 ಚದರ ಮೀಟರ್ ಇದ್ದು, ಒಂದು ಮಳೆಗೆ 30 ಮಿಲಿಮೀಟರ್ ಬಿತ್ತು ಅಂದರೆ 3,000 ಲೀಟರ್. ಅಷ್ಟೂ ನೀರು ಎರಡೋ ಮೂರೋ ಪೈಪುಗಳಿಂದ ನಿಮ್ಮ ತೋಟದ ಎರಡೋ ಮೂರೋ ಜಾಗಕ್ಕೆ ಬಂದು ಸುರಿಯುತ್ತದೆ. ಅದಕ್ಕೆ ದಾರಿ ಮಾಡಿಕೊಡದಿದ್ದರೆ ತಾನೇ ದಾರಿ ಮಾಡಿಕೊಳ್ಳುತ್ತದೆ.

ಮೊದಲ ಕೆಲಸ, ಮನೆಯಿಂದ ಹೊರಗೆ ವಾಟ ಕೊಡುವುದು. ಮಣ್ಣಿನ ನೆಲವಾದರೆ ಗೋಡೆಯಿಂದ ಮೊದಲ 3 ಮೀಟರ್ ದೂರದವರೆಗೆ ಮೀಟರಿಗೆ 5 ಸೆಂಟಿಮೀಟರ್ ಇಳಿಜಾರು ಇರಲಿ. ಕಲ್ಲು ಹಾಸಿದ ನೆಲಕ್ಕೆ ಮೀಟರಿಗೆ 2 ಸೆಂಟಿಮೀಟರ್ ಸಾಕು. ಬರಿಗಣ್ಣಿಗೆ ಇದು ಗೊತ್ತಾಗುವುದಿಲ್ಲ. ಗಾರೆಯವರು ಬಳಸುವ ಪಾರದರ್ಶಕ ಟ್ಯೂಬ್ ಇದೆಯಲ್ಲ, ಅದಕ್ಕೆ ನೀರು ತುಂಬಿಸಿ. ಒಂದು ತುದಿಯನ್ನು ಗೋಡೆಗೆ ಹಿಡಿಯಿರಿ, ಇನ್ನೊಂದನ್ನು ದೂರದ ಗೂಟಕ್ಕೆ. ಎರಡೂ ಕಡೆ ನೀರು ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಆ ಎತ್ತರದಿಂದ ಎರಡೂ ಕಡೆ ನೆಲಕ್ಕೆ ಅಳೆಯಿರಿ. ಅಳತೆಯ ವ್ಯತ್ಯಾಸವೇ ಇಳಿಜಾರು. ಟ್ಯೂಬಿನೊಳಗೆ ಗಾಳಿಯ ಗುಳ್ಳೆ ಇರಬಾರದು, ಇದ್ದರೆ ಅಳತೆ ಸುಳ್ಳು ಹೇಳುತ್ತದೆ.

ಎರಡನೆಯದು, ಆ ನೀರು ಇಂಗಲು ಜಾಗ. ಎಲ್ಲಿ ಇಂಗುತ್ತದೆ ಅಂತ ತಿಳಿಯಲು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಪೂರ್ತಿ ಇಂಗಲಿ. ಮಣ್ಣು ನೆನೆದ ಮೇಲೆ ಮತ್ತೆ ತುಂಬಿಸಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಅಂತ ಕಡ್ಡಿ ಇಟ್ಟು ನೋಡಿ. ಗಂಟೆಗೆ 2.5 ಸೆಂಟಿಮೀಟರ್ ಅಥವಾ ಜಾಸ್ತಿ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಕಡಿಮೆಯಾದರೆ ಅಲ್ಲಿ ಬೇರು ಕೊಳೆಯುವ ಭಯ ಇದೆ. ಮಡಿಯನ್ನು ನೆಲಮಟ್ಟದಿಂದ ಏರಿಸಬೇಕು, ಇಲ್ಲವೇ ಒದ್ದೆ ನೆಲ ತಡೆಯುವ ಗಿಡ ಹುಡುಕಬೇಕು. ಚೆನ್ನಾಗಿ ಇಂಗುವ ಜಾಗ ಸಿಕ್ಕರೆ ಅಲ್ಲೊಂದು ಬಟ್ಟಲಿನಂಥ ತಗ್ಗು ಮಾಡಿ ಚಾವಣಿಯ ನೀರನ್ನು ಅಲ್ಲಿಗೆ ತಿರುಗಿಸಬಹುದು. ಅದು ಮನೆಯ ಪಾಯದಿಂದ ಕನಿಷ್ಠ 3 ಮೀಟರ್ ದೂರವಿರಲಿ. ಒಂದೆರಡು ದಿನದಲ್ಲಿ ಆ ನೀರು ಖಾಲಿಯಾಗಬೇಕು. ಹಾಗಾದರೆ ಸೊಳ್ಳೆ ಮರಿಗಳಿಗೆ ರೆಕ್ಕೆ ಬಲಿಯುವಷ್ಟು ಸಮಯ ಸಿಗುವುದಿಲ್ಲ.

ಮಣ್ಣಿನೊಳಗೆ ಏನಿದೆ ಅಂತ

ಹೊಸ ಮನೆಯ ಸುತ್ತ ಇರುವುದು ಎಷ್ಟೋ ಸಲ ಮಣ್ಣೇ ಅಲ್ಲ. ಇಟ್ಟಿಗೆ ಚೂರು, ಗಾರೆ, ಸಿಮೆಂಟಿನ ಹೆಪ್ಪು, ಮೇಲೆ ತೆಳ್ಳಗೆ ಹರಡಿದ ಕೆಂಪು ಮಣ್ಣು. ಸತ್ತ ನನ್ನ ಒಂಬತ್ತು ಗಿಡಗಳಲ್ಲಿ ನಾಲ್ಕು ಹೋದದ್ದು ಇದರಿಂದ. ಸಿಮೆಂಟು, ಸುಣ್ಣ ಸೇರಿದ ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಏರುತ್ತದೆ. ಪಿಎಚ್ ಏರಿದರೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಅದು ದಕ್ಕುವುದಿಲ್ಲ. ಎಳೆ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ನಾನು ನೀರು ಕಡಿಮೆಯಾಯಿತು ಅಂದುಕೊಂಡು ಇನ್ನಷ್ಟು ನೀರು ಹೊಯ್ಯುತ್ತಿದ್ದೆ. ಹೆಚ್ಚಿನ ಗಿಡಗಳಿಗೆ ಒಗ್ಗುವುದು 6ರಿಂದ 7ರ ನಡುವಿನ ಪಿಎಚ್. ಅದನ್ನು ನೋಡುವ ಅಗ್ಗದ ಕಿಟ್‌ಗಳು ಬರುತ್ತವೆ. ಹಾಗಾಗಿ ಮೊದಲು ಎರಡು ಮೂರು ಕಡೆ ಹಾರೆ ಹಾಕಿ ನೋಡಿ. ಠಣ್ ಅಂತ ಸದ್ದು ಬಂದರೆ ಅಲ್ಲಿಯ ಕಸ ತೆಗೆದೇ ಮುಂದಿನ ಕೆಲಸ.

ಮಣ್ಣಿನ ಗುಣ ನೋಡಲು ಒಂದು ಗಾಜಿನ ಜಾಡಿ ಸಾಕು. ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಅಲುಗದ ಕಡೆ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಅದರ ಮೇಲೆ ನುಣುಪಾದ ರೇವೆ ಕೂರಲು ಕೆಲವು ಗಂಟೆ. ಜೇಡಿ ಕೂರಲು ಒಂದು ದಿನವೋ ಅದಕ್ಕಿಂತ ಜಾಸ್ತಿಯೋ ಬೇಕು. ಮೂರು ಪದರಗಳ ದಪ್ಪ ನೋಡಿದರೆ ನಿಮ್ಮದು ಎಂಥ ಮಣ್ಣು ಅಂತ ಗೊತ್ತಾಗುತ್ತದೆ. ಜೇಡಿ ಜಾಸ್ತಿ ಇದೆ ಅಂತ ಒಂದಿಷ್ಟು ಮರಳು ತಂದು ಬೆರೆಸಬೇಡಿ. ಒಣಗಿದಾಗ ಅದು ಇಟ್ಟಿಗೆಯ ಹಾಗಾಗುತ್ತದೆ. ಮಣ್ಣು ಜೇಡಿಯಾಗಲಿ ಮರಳಾಗಲಿ, ಎರಡಕ್ಕೂ ಮದ್ದು ಒಂದೇ, ಕಳಿತ ಗೊಬ್ಬರ. 5 ಸೆಂಟಿಮೀಟರ್ ದಪ್ಪಕ್ಕೆ ಹರಡಿ, ಮೇಲಿನ 15ರಿಂದ 20 ಸೆಂಟಿಮೀಟರ್ ಮಣ್ಣಿಗೆ ಬೆರೆಸಿ.

ಕಾಲು ಹೋದ ದಾರಿ

ಖಾಲಿ ಜಾಗದಲ್ಲಿ ಮನೆಯವರು ಒಂದೆರಡು ತಿಂಗಳು ಓಡಾಡಲಿ. ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ನಲ್ಲಿಗೆ, ನಲ್ಲಿಯಿಂದ ಬಟ್ಟೆ ಒಣಗಿಸುವ ತಂತಿಗೆ. ನೆಲದ ಮೇಲೆ ಸವೆದ ಗೆರೆಗಳು ಮೂಡುತ್ತವೆ. ಕಾಲುದಾರಿ ಅಲ್ಲೇ ಬರಬೇಕು. ಚೆಂದ ಕಾಣಲಿ ಅಂತ ಹಾವಿನ ಹಾಗೆ ಬಳುಕುವ ದಾರಿ ಮಾಡಿದರೆ ಯಾರೂ ಅದರ ಮೇಲೆ ನಡೆಯುವುದಿಲ್ಲ. ಕೈಯಲ್ಲಿ ಬಕೆಟ್ ಹಿಡಿದವರು ಹುಲ್ಲು ತುಳಿದುಕೊಂಡೇ ನೇರ ಹೋಗುತ್ತಾರೆ. ತಿರುವು ಬೇಕೇ ಬೇಕು ಅಂದರೆ ತಿರುವಿಗೆ ಒಂದು ಕಾರಣ ಕೊಡಿ. ಅಲ್ಲೊಂದು ಮರವೋ ಬಂಡೆಯೋ ದೊಡ್ಡ ಪೊದೆಯೋ ಇದ್ದರೆ ಕಾಲು ತಾನಾಗೇ ಸುತ್ತಿಕೊಂಡು ಹೋಗುತ್ತದೆ. ತಿರುವಿನ ಆಕಾರ ನೋಡಲು ನೀರಿನ ಪೈಪನ್ನು ಬಿಸಿಲಲ್ಲಿಟ್ಟು ಮೆತ್ತಗಾದ ಮೇಲೆ ನೆಲದ ಮೇಲೆ ಹಾಸಿ. ಎರಡು ದಿನ ಹಾಗೇ ಬಿಡಿ. ಸರಿ ಅನ್ನಿಸಿದರೆ ಸುಣ್ಣದ ಪುಡಿ ಹಾಕಿ ಗುರುತು ಮಾಡಿ.

ದಿನವೂ ನಡೆಯುವ ದಾರಿ 90 ಸೆಂಟಿಮೀಟರ್ ಅಗಲ ಇರಲಿ. ತಳ್ಳುಗಾಡಿಯೂ ಹೋಗುತ್ತದೆ. ಗೇಟಿನಿಂದ ಮುಂಬಾಗಿಲಿಗೆ ಹೋಗುವ ದಾರಿಗೆ 1.2 ಮೀಟರ್ ಇದ್ದರೆ ಇಬ್ಬರು ಮಾತಾಡಿಕೊಂಡು ಜೊತೆಯಲ್ಲಿ ನಡೆಯಬಹುದು. ಗಿಡದ ಮಡಿಗಳ ಲೆಕ್ಕವೂ ಮನುಷ್ಯನ ಮೈಯಿಂದಲೇ ಬರುತ್ತದೆ. ಕೂತು ಕೈ ಚಾಚಿದರೆ ಸಲೀಸಾಗಿ ಎಟಕುವುದು 60 ಸೆಂಟಿಮೀಟರ್. ಹಾಗಾಗಿ ಎರಡೂ ಕಡೆಯಿಂದ ಎಟಕುವ ಮಡಿ 1.2 ಮೀಟರ್ ದಾಟಬಾರದು. ಗೋಡೆಗೆ ಅಂಟಿದ ಮಡಿಯಾದರೆ 60 ಸೆಂಟಿಮೀಟರ್. ದಾಟಿದರೆ ಕಳೆ ಕೀಳಲು ಮಣ್ಣು ತುಳಿಯಬೇಕು. ತುಳಿದ ಮಣ್ಣಿಗೆ ಗಾಳಿ ಆಡುವುದಿಲ್ಲ.

ಮೆಟ್ಟಿಲು ಇದ್ದರೆ ಒಂದು ಹಳೆಯ ಸೂತ್ರ ಇದೆ. ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್ 17ನೇ ಶತಮಾನದಲ್ಲಿ ಹೇಳಿದ್ದು. ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಅದರ ಅಗಲ ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕು. ಈಗಿನ ಅಳತೆಯಲ್ಲಿ ಸುಮಾರು 60ರಿಂದ 65 ಸೆಂಟಿಮೀಟರ್. ಮನೆಯೊಳಗಿನ ಕಡಿದಾದ ಮೆಟ್ಟಿಲು ತೋಟಕ್ಕೆ ಹೊಂದುವುದಿಲ್ಲ. 15 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ ಇಟ್ಟು ನೋಡಿ. ಒಟ್ಟು 63. ಹತ್ತುವಾಗ ಮೆಟ್ಟಿಲಿದೆ ಅನ್ನುವುದೇ ಮರೆತುಹೋಗುತ್ತದೆ.

ಕಲ್ಲು ಹಾಸುವ ಮೊದಲು ಒಂದು ಕೆಲಸ ಮರೆಯಬೇಡಿ. ದಾರಿಯ ಅಡಿಯಲ್ಲಿ ಎರಡು ಮೂರು ಕಡೆ ಖಾಲಿ ಪಿವಿಸಿ ಪೈಪು ಅಡ್ಡಡ್ಡ ಹೂತಿಡಿ. ಎರಡೂ ತುದಿಗೆ ಮುಚ್ಚಳ ಹಾಕಿ. ಮುಂದೊಂದು ದಿನ ಡ್ರಿಪ್ ಪೈಪೋ ದೀಪದ ವೈರೋ ಆಚೆ ದಾಟಿಸಬೇಕಾದಾಗ ಹಾಸಿದ ಕಲ್ಲು ಕೀಳುವ ಪ್ರಸಂಗ ಬರುವುದಿಲ್ಲ. ಎಲ್ಲಿ ಹೂತಿದ್ದೀರಿ ಅಂತ ನಕ್ಷೆಯಲ್ಲಿ ಬರೆದಿಡಿ.

ಕಿಟಕಿಯಿಂದ ನೋಡಿ

ತೋಟವನ್ನು ನಾವು ಅತಿ ಹೆಚ್ಚು ನೋಡುವುದು ಮನೆಯೊಳಗಿಂದ. ಅಡುಗೆಮನೆಯ ಕಿಟಕಿ, ಕೂರುವ ಕುರ್ಚಿ, ಮುಂಬಾಗಿಲು. ಆ ಮೂರು ಜಾಗದಲ್ಲಿ ನಿಂತು, ಕೂತು ನೋಡಿ. ಕಣ್ಣು ಎಲ್ಲಿ ಹೋಗಿ ನಿಲ್ಲುತ್ತದೆ? ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ನಿಂತರೆ ಅದಕ್ಕೆ ಮರೆಯಾಗಿ ಒಂದು ಪೊದೆಯೋ ಬಳ್ಳಿಯ ಚಪ್ಪರವೋ ಬೇಕು. ಮರೆ ಮಾಡುವ ಗಿಡ ಕಿಟಕಿಗೆ ಹತ್ತಿರ ಇದ್ದಷ್ಟೂ ಚಿಕ್ಕದು ಸಾಕು. ಕಣ್ಣೆದುರು ಹೆಬ್ಬೆರಳು ಹಿಡಿದರೆ ಬೆಟ್ಟವೇ ಮುಚ್ಚುತ್ತದಲ್ಲ, ಹಾಗೆ. ದೂರದಲ್ಲಿ ಒಳ್ಳೆಯ ಬೆಟ್ಟವೋ ಮರಗಳೋ ಕಂಡರೆ ಅದನ್ನು ಮುಚ್ಚಬೇಡಿ. ನಡುವಿನ ಗೋಡೆಯನ್ನು ಗಿಡಗಳಿಂದ ಮರೆಸಿ ದೂರದ ನೋಟವನ್ನು ನಿಮ್ಮದೇ ತೋಟದ ಭಾಗದಂತೆ ಬಳಸಿಕೊಳ್ಳಬಹುದು. ಜಪಾನಿನ ತೋಟಗಾರರು ಇದಕ್ಕೆ ಶಕ್ಕೆಯ್ ಅನ್ನುತ್ತಾರೆ, ಎರವಲು ತಂದ ನೋಟ ಅಂತ.

ಚಿಕ್ಕ ಜಾಗ ದೊಡ್ಡದಾಗಿ ಕಾಣಬೇಕಾದರೆ ಎಲ್ಲವೂ ಒಂದೇ ನೋಟಕ್ಕೆ ಸಿಗಬಾರದು. ಸೊಂಟದೆತ್ತರದ ಪೊದೆಯೊಂದು ನಡುವೆ ಬಂದು ಅದರ ಹಿಂದೆ ಇನ್ನೇನೋ ಇದೆ ಅನ್ನಿಸಿದರೆ ಸಾಕು. ಗೋಡೆಯುದ್ದಕ್ಕೂ ಗಿಡ ಸಾಲುಹಿಡಿಸಿ ನಡುವೆ ಬರೀ ಹುಲ್ಲು ಬಿಟ್ಟ ಅಂಗಳ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಹುಲ್ಲುಹಾಸಿನ ಬಗ್ಗೆ ನನ್ನದು ಸ್ವಲ್ಪ ಖಡಕ್ ಅಭಿಪ್ರಾಯ. ಅದು ನೀರು, ಬಿಸಿಲು, ಕತ್ತರಿಸುವ ಕೈ ಮೂರನ್ನೂ ಕೇಳುತ್ತದೆ. ಯಾರಾದರೂ ಕೂರುವ, ಮಕ್ಕಳು ಆಡುವ ಜಾಗ ಎಷ್ಟೋ ಅಷ್ಟಕ್ಕೆ ಮಾತ್ರ ಇರಲಿ.

ಈಗ ಗಿಡ

ಮರದಿಂದ ಶುರು ಮಾಡೋಣ. ನಕ್ಷೆಯಲ್ಲಿ ಮರಕ್ಕೆ ಚುಕ್ಕೆ ಹಾಕಬೇಡಿ, ವೃತ್ತ ಹಾಕಿ. ಪೂರ್ತಿ ಬೆಳೆದಾಗ ಅದರ ಹರವು ಎಷ್ಟೋ ಅಷ್ಟು ದೊಡ್ಡ ವೃತ್ತ. 8 ಮೀಟರ್ ಹರಡುವ ಮರವಾದರೆ 8 ಸೆಂಟಿಮೀಟರ್ ಅಗಲದ ವೃತ್ತ. ಹಾಗೆ ಎರಡು ವೃತ್ತ ಹಾಕಿದ ಮೇಲೆ ಹಾಳೆ ನೋಡಿ. ನೀವು ಅಂದುಕೊಂಡಿದ್ದ ಐದು ಮರಗಳಿಗೆ ಜಾಗವೇ ಇಲ್ಲ ಅಂತ ಆಗಲೇ ತಿಳಿಯುತ್ತದೆ. ಗೋಡೆಯಿಂದ ಕನಿಷ್ಠ ಆ ಹರವಿನ ಅರ್ಧದಷ್ಟು ದೂರ ಇರಲೇಬೇಕು. ಬೇರಿನ ಲೆಕ್ಕ ಬೇರೆಯೇ. ಮರದ ಬೇರು ಕೊಂಬೆಗಳ ಹಾಗೆ ಕೆಳಕ್ಕೆ ಆಳವಾಗಿ ಇಳಿದಿರುತ್ತದೆ ಅಂತ ಚಿತ್ರಗಳಲ್ಲಿ ತೋರಿಸುತ್ತಾರೆ. ನಿಜದಲ್ಲಿ ಹೆಚ್ಚಿನ ಬೇರುಗಳು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳನ್ನು ದಾಟಿ ದೂರಕ್ಕೆ ಹರಡುತ್ತವೆ. ಆಲ, ಅರಳಿ, ಅತ್ತಿಯ ಬಳಗದ ಗಿಡಗಳನ್ನು ಮನೆಯ ಹತ್ತಿರ ತರಲೇಬೇಡಿ. ಕುಂಡದಲ್ಲಿ ಮುದ್ದಾಗಿ ಕಾಣುವ ಫೈಕಸ್ ಬೆಂಜಮಿನ ಕೂಡ ಅದೇ ಬಳಗದ್ದು. ನೆಲಕ್ಕಿಳಿಸಿದರೆ ದೊಡ್ಡ ಮರವಾಗುತ್ತದೆ.

ನೆಡುವ ಗುಂಡಿ ಆಳವಾದಷ್ಟೂ ಒಳ್ಳೆಯದು ಅಂತ ನಂಬಿಕೆ ಇದೆ. ಗುಂಡಿ ಬೇರಿನ ಮುದ್ದೆಯಷ್ಟೇ ಆಳ ಇರಬೇಕು. ಅಗಲ ಮಾತ್ರ ಅದರ ಎರಡು ಮೂರು ಪಟ್ಟು. ಆಳ ಜಾಸ್ತಿಯಾದರೆ ಕೆಳಗಿನ ಸಡಿಲ ಮಣ್ಣು ಕುಸಿದು ಗಿಡ ಹೂತುಹೋಗುತ್ತದೆ. ಕಾಂಡ ಬೇರಾಗಿ ಅಗಲವಾಗುವ ಬುಡ ನೆಲದ ಮೇಲೆ ಕಾಣುತ್ತಿರಬೇಕು. ಒಣ ಎಲೆಯ ಮುಚ್ಚಿಗೆ 5ರಿಂದ 8 ಸೆಂಟಿಮೀಟರ್ ಹಾಕಿ, ಆದರೆ ಕಾಂಡಕ್ಕೆ ತಾಗದ ಹಾಗೆ ಅಂಗೈ ಅಗಲ ಬಿಡಿ.

ಪೊದೆ ಮತ್ತು ಹೂಗಿಡಗಳಿಗೆ ಬಂದಾಗ ನಮ್ಮೆಲ್ಲರ ಚಾಳಿ ಒಂದೇ, ಎಲ್ಲದರಲ್ಲೂ ಒಂದೊಂದು ತರುವುದು. ತೋಟ ಆಗ ನರ್ಸರಿಯ ಹಾಗೇ ಕಾಣುತ್ತದೆ. ಕಡಿಮೆ ಜಾತಿ, ಒಂದೊಂದರಲ್ಲೂ ಮೂರೋ ಐದೋ ಏಳೋ ಗಿಡ. ಗರ್ಟ್ರೂಡ್ ಜೆಕಿಲ್ (1843–1932) ಎಂಬ ಇಂಗ್ಲಿಷ್ ತೋಟಗಾರ್ತಿ ಮೊದಲು ಚಿತ್ರಕಲೆ ಕಲಿತವರು. ಕಣ್ಣು ಮಂಜಾದ ಮೇಲೆ ಬಣ್ಣವನ್ನು ಗಿಡಗಳಲ್ಲಿ ಹರಡಿದರು. ಒಂದೇ ಜಾತಿಯ ಗಿಡಗಳನ್ನು ಅವರು ದುಂಡಗಿನ ಗುಂಪಾಗಿ ನೆಡದೆ, ಓರೆಯಾಗಿ ಉದ್ದಕ್ಕೆ ಹರಿಯುವ ಪಟ್ಟಿಗಳಲ್ಲಿ ನೆಡುತ್ತಿದ್ದರು. ಒಂದು ಪಟ್ಟಿಯ ಹೂ ಮುಗಿದರೂ ದೊಡ್ಡ ಖಾಲಿ ಕಾಣುವುದಿಲ್ಲ, ಪಕ್ಕದ ಪಟ್ಟಿ ಅದನ್ನು ಮುಚ್ಚಿಕೊಳ್ಳುತ್ತದೆ. ಚಿಕ್ಕ ಮಡಿಯಲ್ಲೂ ಇದು ನಡೆಯುತ್ತದೆ.

ಹೂ ಕೆಲವು ವಾರ, ಎಲೆ ವರ್ಷವಿಡೀ. ಆದ್ದರಿಂದ ಎಲೆ ನೋಡಿ ಗಿಡ ಆರಿಸಿ. ನಾನು ಮಾಡುವ ಒಂದು ಉಪಾಯ ಇದೆ. ಮಡಿಯ ಫೋಟೋ ತೆಗೆದು ಫೋನಿನಲ್ಲೇ ಕಪ್ಪು ಬಿಳುಪು ಮಾಡುವುದು. ಎಲ್ಲ ಒಂದೇ ಬೂದು ಬಣ್ಣದ ರಾಶಿಯಾಗಿ ಕಂಡರೆ ಎಲೆಗಳು ಒಂದೇ ಥರ ಇವೆ ಅಂತ ಅರ್ಥ. ಸಣ್ಣ ಎಲೆಯ ಪಕ್ಕ ಅಗಲ ಎಲೆ, ಮೆತ್ತನೆಯದರ ಪಕ್ಕ ಕತ್ತಿಯಂಥದ್ದು ಬಂದರೆ ಹೂ ಇಲ್ಲದ ದಿನವೂ ನೋಡುವ ಹಾಗಿರುತ್ತದೆ.

ಬಾಯಾರಿಕೆಯನ್ನೂ ನೋಡಿ ಗುಂಪು ಮಾಡಿ. ದಿನವೂ ನೀರು ಕೇಳುವ ಗಿಡ, ವಾರಕ್ಕೊಮ್ಮೆ ಸಾಕು ಅನ್ನುವ ಗಿಡ ಒಂದೇ ಮಡಿಯಲ್ಲಿದ್ದರೆ ಯಾವುದೋ ಒಂದು ಸಾಯುತ್ತದೆ. ಹೆಚ್ಚು ನೀರಿನವು ನಲ್ಲಿಗೆ ಹತ್ತಿರ ಇರಲಿ.

ಇಷ್ಟೂ ಒಂದೇ ವರ್ಷದಲ್ಲಿ ಮಾಡಬೇಕಿಲ್ಲ. ನಾನು ಎರಡನೇ ಸಲ ಮಾಡಿದಾಗ ಮೊದಲ ವರ್ಷ ವಾಟ, ಪೈಪು, ದಾರಿ, ಎರಡು ಮರ ಅಷ್ಟೇ. ಎರಡನೇ ವರ್ಷ ಪೊದೆಗಳು. ಅವನ್ನು ಬೆಳೆದಾಗಿನ ಅಳತೆಗೆ ನೆಟ್ಟಿದ್ದರಿಂದ ನಡುವೆ ಬೋಳು ಜಾಗ ಕಾಣುತ್ತಿತ್ತು. ಬಂದವರೆಲ್ಲ 'ಇನ್ನೊಂದೆರಡು ಗಿಡ ಹಾಕಬಹುದಿತ್ತಲ್ಲ' ಅನ್ನುವವರೇ. ಅಲ್ಲಿ ಒಂದೇ ಕಾಲಕ್ಕೆ ಬೆಳೆದು ಹೂ ಬಿಟ್ಟು ಮುಗಿಯುವ ಬೀಜದ ಗಿಡಗಳನ್ನು ಹಾಕಿದೆ. ಪೊದೆಗಳು ಹರಡಿದಂತೆ ಅವು ತಾವಾಗೇ ಕಡಿಮೆಯಾದವು. ವಾರಕ್ಕೆ ಎಷ್ಟು ಗಂಟೆ ತೋಟಕ್ಕೆ ಕೊಡಬಲ್ಲೆ ಅಂತ ಮೊದಲೇ ನಕ್ಷೆಯ ಮೂಲೆಯಲ್ಲಿ ಬರೆದಿದ್ದೆ, 3 ಗಂಟೆ ಅಂತ. ಅದನ್ನು ನೋಡಿಯೇ ಎರಡು ಮಡಿಗಳನ್ನು ನಕ್ಷೆಯಿಂದ ಅಳಿಸಿದ್ದು.

ಹಿತ್ತಲಿನ ಬಲಮೂಲೆ ಮಾತ್ರ ಆ ಹಾಳೆಯಲ್ಲಿ ಇನ್ನೂ ಖಾಲಿ ಇದೆ. ಬೆಂಚು ಹಾಕೋಣ ಅಂತ ಒಂದು ಸಲ, ಚಿಕ್ಕ ಕೊಳ ಮಾಡೋಣ ಅಂತ ಒಂದು ಸಲ ಗೀಚಿ ಅಳಿಸಿದ ಗುರುತಿದೆ. ಸದ್ಯಕ್ಕೆ ಅಲ್ಲಿ ಗೊಬ್ಬರದ ತೊಟ್ಟಿ, ಮಗ್ಗುಲಲ್ಲಿ ಒರಗಿಸಿಟ್ಟ ಗುದ್ದಲಿ. ಸಂಜೆ ಹೊತ್ತು ಅಲ್ಲಿ ಬಿಸಿಲು ಎಷ್ಟು ಹೊತ್ತು ಇರುತ್ತದೆ ಅಂತ ಇನ್ನೊಂದು ಬೇಸಿಗೆ ನೋಡುತ್ತೇನೆ.